ಆಪ್ತ ಸಮಾಲೋಚಕರಾಗಬೇಕೇ? ಬೆಂಗಳೂರಿನಲ್ಲಿ ಓದು, ತರಬೇತಿ, ಕೆಲಸ

ಪಿಯುಸಿ ಫಲಿತಾಂಶ ಬಂದ ವಾರ ಆಪ್ತ ಸಮಾಲೋಚಕಿಯಾದ ನನಗೆ ಎರಡು ಬಗೆಯ ಫೋನ್ ಬರುತ್ತವೆ. ಒಂದು, ಅಂಕ ಕಡಿಮೆ ಬಂತು ಅಂತ ರೂಮಿನ ಬಾಗಿಲು ಹಾಕಿಕೊಂಡು ಕೂತ ಮಗುವಿನ ಅಪ್ಪ ಅಮ್ಮನದ್ದು. ಇನ್ನೊಂದು ಹೀಗೆ: "ಮೇಡಂ, ನನ್ನ ಮಗಳು ಕೌನ್ಸೆಲರ್ ಆಗ್ತೀನಿ ಅಂತಿದ್ದಾಳೆ. ಎಲ್ಲಿ ಸೇರಿಸೋದು? ಎಷ್ಟು ವರ್ಷ ಓದಬೇಕು?" ನಲವತ್ತು ದಾಟಿದವರೂ ಕೇಳುತ್ತಾರೆ. ಬ್ಯಾಂಕಿನಲ್ಲೋ ಸಾಫ್ಟ್‌ವೇರ್ ಕಂಪನಿಯಲ್ಲೋ ಇಷ್ಟು ವರ್ಷ ದುಡಿದು, ಈಗ ಜನರ ಎದುರು ಕೂತು ಮಾಡುವ ಕೆಲಸ ಬೇಕು ಅನ್ನಿಸಿದವರು. ಅವರಿಗೆಲ್ಲ ಫೋನಿನಲ್ಲಿ ತುಂಡು ತುಂಡಾಗಿ ಹೇಳುತ್ತಿದ್ದುದನ್ನು ಇಲ್ಲಿ ಒಟ್ಟಿಗೆ ಬರೆದಿದ್ದೇನೆ.

ಮೊದಲು ಹೆಸರುಗಳ ಗೊಂದಲ ಬಿಡಿಸಿಕೊಳ್ಳಿ

ನಮ್ಮಲ್ಲಿ ಎಲ್ಲರನ್ನೂ "ಮನಸ್ಸಿನ ಡಾಕ್ಟರು" ಅಂದುಬಿಡುತ್ತೇವೆ. ಆದರೆ ಇಲ್ಲಿ ನಾಲ್ಕು ಬೇರೆ ಬೇರೆ ಕೆಲಸಗಳಿವೆ. ಮನೋವೈದ್ಯರು ಎಂಬಿಬಿಎಸ್ ಮುಗಿಸಿ ಮನೋವೈದ್ಯಶಾಸ್ತ್ರದಲ್ಲಿ ಎಂ.ಡಿ.ಯಂಥ ಉನ್ನತ ಓದು ಮಾಡಿದ ಡಾಕ್ಟರುಗಳು. ಇವರು ಔಷಧಿ ಬರೆಯಬಹುದು. ಕ್ಲಿನಿಕಲ್ ಸೈಕಾಲಜಿಸ್ಟ್ ಅಂದರೆ ಮನಶ್ಶಾಸ್ತ್ರದಲ್ಲಿ ವಿಶೇಷ ತರಬೇತಿ ಪಡೆದು, ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ, ಅಂದರೆ ಆರ್‌ಸಿಐನಲ್ಲಿ ನೋಂದಾಯಿಸಿಕೊಂಡವರು. ಆ ನೋಂದಣಿ ಇಲ್ಲದೆ ಯಾರೂ ತಮ್ಮನ್ನು ಹಾಗೆ ಕರೆದುಕೊಳ್ಳುವಂತಿಲ್ಲ. ಮನೋವೈದ್ಯಕೀಯ ಸಮಾಜಕಾರ್ಯಕರ್ತರು ಎಂಎಸ್‌ಡಬ್ಲ್ಯು, ಅಂದರೆ ಸಮಾಜಕಾರ್ಯದ ಸ್ನಾತಕೋತ್ತರ ಓದಿನ ದಾರಿಯಿಂದ ಬಂದವರು. ಇವರು ರೋಗಿಯ ಜೊತೆಗೆ ಮನೆ, ಕೆಲಸ, ನೆರೆಹೊರೆಯನ್ನೂ ನೋಡುತ್ತಾರೆ.

ನಾಲ್ಕನೆಯವರು ಆಪ್ತ ಸಮಾಲೋಚಕರು, ಕೌನ್ಸೆಲರ್. ದಾಂಪತ್ಯದ ಜಗಳ, ಸಾವಿನ ದುಃಖ, ಪರೀಕ್ಷೆಯ ಭಯ, ಕೆಲಸದ ಒತ್ತಡ, ಒಂಟಿತನ ಇವುಗಳ ಜೊತೆ ಮಾತಿನ ಮೂಲಕ ಕೆಲಸ ಮಾಡುವವರು. ಔಷಧಿ ಕೊಡುವಂತಿಲ್ಲ. ಇಂಥ ಕಾಯಿಲೆ ಅಂತ ಸರ್ಟಿಫಿಕೇಟ್ ಬರೆದುಕೊಡುವ ಕೆಲಸವೂ ನಮ್ಮದಲ್ಲ.

ಈ ನಾಲ್ಕನೆಯ ದಾರಿಗೆ ಬಹಳ ವರ್ಷ ಬೇಲಿಯೇ ಇರಲಿಲ್ಲ. ಯಾರು ಬೇಕಾದರೂ ಬೋರ್ಡು ಹಾಕಬಹುದಿತ್ತು. 2021ರಲ್ಲಿ ಸಹಾಯಕ ಮತ್ತು ಆರೋಗ್ಯ ವೃತ್ತಿಪರರ ರಾಷ್ಟ್ರೀಯ ಆಯೋಗದ ಕಾಯ್ದೆ ಬಂತು. ಅದರ ಪಟ್ಟಿಯಲ್ಲಿ ಮನಶ್ಶಾಸ್ತ್ರಜ್ಞರು, ಆಪ್ತ ಸಮಾಲೋಚಕರು, ಸಮಾಜಕಾರ್ಯಕರ್ತರು ಎಲ್ಲರೂ ಇದ್ದಾರೆ. ಇವರೆಲ್ಲ ರಾಜ್ಯ ಮಂಡಳಿಗಳಲ್ಲಿ ನೋಂದಾಯಿಸಿಕೊಳ್ಳಬೇಕು ಅನ್ನುವುದು ಕಾಯ್ದೆಯ ಉದ್ದೇಶ. ಹಾಗಾಗಿ ಈಗ ಓದಲು ಹೊರಟವರು ಮಾನ್ಯತೆ ಇರುವ ವಿಶ್ವವಿದ್ಯಾಲಯದ ಪದವಿಯನ್ನೇ ಹಿಡಿಯಿರಿ ಅಂತ ಒತ್ತಿ ಹೇಳುತ್ತೇನೆ. ನಾಳೆ ನೋಂದಣಿಗೆ ಕಾಗದ ಕೇಳಿದಾಗ ಎರಡು ದಿನದ ಶಿಬಿರದ ಸರ್ಟಿಫಿಕೇಟ್ ಕೈ ಹಿಡಿಯುವುದಿಲ್ಲ.

ದುಡ್ಡು ಕಟ್ಟುವ ಮೊದಲು ಆರು ತಿಂಗಳು

"ಎಲ್ಲರೂ ನನ್ನ ಹತ್ತಿರವೇ ಕಷ್ಟ ಹೇಳಿಕೊಳ್ತಾರೆ, ಅದಕ್ಕೇ ಈ ಕೆಲಸ ನನಗೆ ಒಗ್ಗುತ್ತೆ" ಅಂತ ತುಂಬಾ ಜನ ಹೇಳುತ್ತಾರೆ. ಒಳ್ಳೆಯ ಗುಣವೇ. ಆದರೆ ಗೆಳತಿಯ ಕಷ್ಟ ಕೇಳುವುದಕ್ಕೂ ದಿನಕ್ಕೆ ನಾಲ್ಕು ಜನ ಅಪರಿಚಿತರ ಕಷ್ಟ ಕೇಳುವುದಕ್ಕೂ ಬಹಳ ಅಂತರ ಇದೆ. ಗೆಳತಿ ನಿಮ್ಮ ಮಾತನ್ನೂ ಕೇಳುತ್ತಾಳೆ. ಇಲ್ಲಿ ಬರುವವರು ಕೇಳಬೇಕಾಗಿಲ್ಲ.

ಅದಕ್ಕೆ ಮೊದಲು ಎಲ್ಲಾದರೂ ಸ್ವಯಂಸೇವಕರಾಗಿ. ವೃದ್ಧಾಶ್ರಮ, ಕ್ಯಾನ್ಸರ್ ರೋಗಿಗಳ ಆರೈಕೆ ಕೇಂದ್ರ, ಸಹಾಯವಾಣಿ, ನಿಮ್ಮ ಬಡಾವಣೆಯ ಸರ್ಕಾರಿ ಶಾಲೆ, ಯಾವುದಾದರೂ ಸರಿ. ಕನ್ನಡದಲ್ಲೇ ಈ ಕೆಲಸ ಹೇಗೆ ನಡೆಯುತ್ತದೆ ಅಂತ ತಿಳಿಯಬೇಕಾದರೆ ನಿಮ್ಹಾನ್ಸ್‌ನಲ್ಲಿ ಪ್ರಾಧ್ಯಾಪಕರಾಗಿದ್ದ ಡಾ. ಸಿ. ಆರ್. ಚಂದ್ರಶೇಖರ್ ಅವರ ಬರಹಗಳನ್ನು ಓದಿ. ಮನಸ್ಸಿನ ಕಾಯಿಲೆಗಳನ್ನು ಹಳ್ಳಿಯವರಿಗೂ ಅರ್ಥವಾಗುವ ಮಾತಿನಲ್ಲಿ ದಶಕಗಳಿಂದ ಬಿಡಿಸಿ ಹೇಳಿದವರು ಅವರು. 2024ರಲ್ಲಿ ಅವರಿಗೆ ಪದ್ಮಶ್ರೀ ಬಂತು.

ಆರು ತಿಂಗಳ ಕೊನೆಗೆ ಒಂದು ಪ್ರಶ್ನೆ ಹಾಕಿಕೊಳ್ಳಿ. ನೀವು ಹೇಳಿದ ದಾರಿಯನ್ನು ಎದುರಿನವರು ಹಿಡಿಯದಿದ್ದಾಗ ನಿಮಗೆ ಕೋಪ ಬಂತಾ? ಬಂದರೆ ಗಾಬರಿ ಬೇಡ. ತರಬೇತಿಯಲ್ಲಿ ನೀವು ಎಲ್ಲಕ್ಕಿಂತ ಜಾಸ್ತಿ ಬೆವರು ಹರಿಸಬೇಕಾದ ಜಾಗ ಅದೇ ಅಂತ ಗುರುತು ಹಾಕಿಕೊಳ್ಳಿ.

ಓದಿನ ದಾರಿ

ಪಿಯುಸಿಯಲ್ಲಿ ಯಾವ ವಿಭಾಗವಾದರೂ ಆಗಬಹುದು. ಕೆಲವು ಕಾಲೇಜುಗಳಲ್ಲಿ ಕಲಾ ವಿಭಾಗದಲ್ಲಿ ಮನಶ್ಶಾಸ್ತ್ರವೂ ಇದೆ, ಸಿಕ್ಕಿದರೆ ಒಳ್ಳೆಯದು. ಆಮೇಲೆ ಮನಶ್ಶಾಸ್ತ್ರ ಇರುವ ಬಿ.ಎ. ಅಥವಾ ಬಿ.ಎಸ್ಸಿ. ಕರ್ನಾಟಕ ಸರ್ಕಾರ 2024ರಲ್ಲಿ ನಾಲ್ಕು ವರ್ಷದ ಪದವಿಯನ್ನು ಕೈಬಿಟ್ಟು ಮತ್ತೆ ಮೂರು ವರ್ಷಕ್ಕೆ ಬಂತು. ಅದಾದ ಮೇಲೆ ಎರಡು ವರ್ಷದ ಎಂ.ಎ. ಅಥವಾ ಎಂ.ಎಸ್ಸಿ. ಒಟ್ಟಿಗೆ ಐದು ವರ್ಷ ಅಂತ ಲೆಕ್ಕ ಇಟ್ಟುಕೊಳ್ಳಿ.

ಬೆಂಗಳೂರಿನಲ್ಲಿ ಈ ಓದಿಗೆ ಜಾಗ ಬೇಕಾದಷ್ಟಿದೆ. ಜ್ಞಾನಭಾರತಿಯಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಮನಶ್ಶಾಸ್ತ್ರ ವಿಭಾಗ ಇದೆ. ಕ್ರೈಸ್ಟ್ ವಿಶ್ವವಿದ್ಯಾಲಯದಲ್ಲಿ ಮನಶ್ಶಾಸ್ತ್ರದ ಸ್ನಾತಕೋತ್ತರ ಕೋರ್ಸ್‌ಗಳಿವೆ. ಇಂದಿರಾನಗರದ ಮಾಂಟ್‌ಫೋರ್ಟ್ ಕಾಲೇಜು ಸಮಾಲೋಚನಾ ಮನಶ್ಶಾಸ್ತ್ರಕ್ಕೇ ಹೆಸರಾದದ್ದು. ಸರ್ಕಾರಿ ವಿಶ್ವವಿದ್ಯಾಲಯದ ಶುಲ್ಕಕ್ಕೂ ಖಾಸಗಿಯದ್ದಕ್ಕೂ ಹೋಲಿಕೆಯೇ ಇಲ್ಲ. ಖಾಸಗಿಯಲ್ಲಿ ಮಾತು ಲಕ್ಷದಿಂದ ಶುರುವಾಗುತ್ತದೆ. ಸಾಲ ಮಾಡಿ ಸೇರುವ ಮೊದಲು ಕೆಳಗೆ ಬರೆದಿರುವ ಸಂಬಳದ ಮಾತನ್ನೂ ಓದಿ.

ಬಿ.ಕಾಂ., ಎಂಜಿನಿಯರಿಂಗ್ ಮಾಡಿದವರು ಏನು ಮಾಡಬೇಕು? ಕೆಲವು ಕಡೆ ಎಂ.ಎಸ್ಸಿ.ಗೆ ಪದವಿಯಲ್ಲಿ ಮನಶ್ಶಾಸ್ತ್ರ ಓದಿರಲೇಬೇಕು ಅನ್ನುತ್ತಾರೆ, ಕೆಲವು ಕಡೆ ಇಲ್ಲ. ಅರ್ಜಿ ಹಾಕುವ ಮೊದಲು ಪ್ರತಿ ಕಾಲೇಜಿನ ನಿಯಮ ಕೇಳಿಕೊಳ್ಳಿ. ಎಂಎಸ್‌ಡಬ್ಲ್ಯುವನ್ನೂ ಮರೆಯಬೇಡಿ. ಅದಕ್ಕೆ ಬೇರೆ ಬೇರೆ ವಿಷಯದ ಪದವೀಧರರು ಸೇರುತ್ತಾರೆ. ವೈದ್ಯಕೀಯ ಮತ್ತು ಮನೋವೈದ್ಯಕೀಯ ವಿಭಾಗ ಆರಿಸಿಕೊಂಡರೆ ಆಸ್ಪತ್ರೆ, ಸಂಸ್ಥೆಗಳ ಸಮಾಲೋಚಕ ಹುದ್ದೆಗೆ ಅದು ಗಟ್ಟಿ ಅರ್ಹತೆ.

ಮನೆಯಲ್ಲೇ ಕೂತು ದೂರಶಿಕ್ಷಣದಲ್ಲಿ ಎಂ.ಎ. ಮನಶ್ಶಾಸ್ತ್ರ ಮಾಡೋಣ ಅಂದುಕೊಂಡವರು ಇದನ್ನು ಗಮನಿಸಿ. 2025ರ ಜುಲೈ-ಆಗಸ್ಟ್ ಪ್ರವೇಶದಿಂದ ಮನಶ್ಶಾಸ್ತ್ರವನ್ನು ದೂರಶಿಕ್ಷಣ ಮತ್ತು ಆನ್‌ಲೈನ್ ಪದವಿಯಾಗಿ ನಡೆಸಬಾರದು ಅಂತ ವಿಶ್ವವಿದ್ಯಾಲಯ ಧನಸಹಾಯ ಆಯೋಗ (ಯುಜಿಸಿ) ವಿಶ್ವವಿದ್ಯಾಲಯಗಳಿಗೆ ಸೂಚಿಸಿದೆ. ಮೇಲೆ ಹೇಳಿದ 2021ರ ಕಾಯ್ದೆಯ ಅಡಿಗೆ ಮನಶ್ಶಾಸ್ತ್ರ ಬಂದದ್ದೇ ಇದಕ್ಕೆ ಕಾರಣ. ಇನ್ನೂ ಯಾರಾದರೂ "ಮನೆಯಲ್ಲೇ ಡಿಗ್ರಿ" ಅಂತ ಜಾಹೀರಾತು ಹಾಕಿದ್ದರೆ ದುಡ್ಡು ಕಟ್ಟಬೇಡಿ. ಮಕ್ಕಳು, ನೌಕರಿ ಅಂತ ಕಟ್ಟಿಹಾಕಿಕೊಂಡಿರುವ ಹೆಣ್ಣುಮಕ್ಕಳಿಗೆ ಇದರಿಂದ ಕಷ್ಟ ಆಗಿದೆ. ಅದು ನನಗೂ ಬೇಸರದ ವಿಷಯ. ಆದರೂ ಈ ಕಸುಬನ್ನು ಎದುರುಬದುರು ಕೂತೇ ಕಲಿಯಬೇಕು ಅನ್ನುವುದನ್ನು ನಾನು ಒಪ್ಪುತ್ತೇನೆ.

ಕ್ಲಿನಿಕಲ್ ಸೈಕಾಲಜಿಸ್ಟ್ ಆಗುವ ಆಸೆ ಇದ್ದರೆ ಸ್ನಾತಕೋತ್ತರ ಪದವಿಯ ಮೇಲೆ ಎರಡು ವರ್ಷದ ಎಂ.ಫಿಲ್. ಮಾಡುವುದು ಇಷ್ಟು ವರ್ಷದ ದಾರಿಯಾಗಿತ್ತು. ನಿಮ್ಹಾನ್ಸ್‌ನ ಎಂ.ಫಿಲ್.ಗೆ ದೇಶದ ಎಲ್ಲ ಕಡೆಯಿಂದ ಪ್ರವೇಶ ಪರೀಕ್ಷೆ ಬರೆಯಲು ಬರುತ್ತಿದ್ದರು. ಹೊಸ ಶಿಕ್ಷಣ ನೀತಿ ಎಂ.ಫಿಲ್. ಪದವಿಯನ್ನೇ ತೆಗೆದುಹಾಕಿತು. ಕ್ಲಿನಿಕಲ್ ಸೈಕಾಲಜಿಗೂ ಮನೋವೈದ್ಯಕೀಯ ಸಮಾಜಕಾರ್ಯಕ್ಕೂ ಮಾತ್ರ ಯುಜಿಸಿ 2025-26ರ ತನಕ ಅವಕಾಶ ಕೊಟ್ಟಿತ್ತು. ಈಗ ಯಾವ ಕೋರ್ಸಿಗೆ, ಯಾವ ಕಾಲೇಜಿಗೆ ಒಪ್ಪಿಗೆ ಇದೆ ಅನ್ನುವುದನ್ನು ಆರ್‌ಸಿಐ ಜಾಲತಾಣದ ಪಟ್ಟಿಯಲ್ಲೇ ನೋಡಿ. ಕಾಲೇಜಿನ ಕರಪತ್ರ ಸಾಲದು.

ಇನ್ನು ಡಿಪ್ಲೊಮಾ. ಪರಿವರ್ತನ್ ಸಂಸ್ಥೆ ಬೆಂಗಳೂರಿನಲ್ಲಿ ಬಹಳ ವರ್ಷಗಳಿಂದ ಸಮಾಲೋಚನೆಯ ತರಬೇತಿ ಕೊಡುತ್ತಾ ಬಂದಿದೆ. ಬಂಜಾರಾ ಅಕಾಡೆಮಿ ಶುಲ್ಕವಿಲ್ಲದೆ ಡಿಪ್ಲೊಮಾ ನಡೆಸಿಕೊಂಡು ಬಂದ ಸಂಸ್ಥೆ. ಪದವಿಯ ಜೊತೆಗೆ ಇಂಥ ತರಬೇತಿ ಸೇರಿದರೆ ಕೈ ಪಳಗುತ್ತದೆ. ಪದವಿಯ ಬದಲಿಗೆ ಇದೊಂದೇ ಸಾಕು ಅಂತ ಮಾತ್ರ ತಿಳಿಯಬೇಡಿ.

ಸೇರುವ ಮೊದಲು ಕೇಳಬೇಕಾದದ್ದು

ನಾನು ಶುರುವಿನಲ್ಲಿ ಒಂದು ತಪ್ಪು ಮಾಡಿದೆ. ಹೋಟೆಲಿನ ಹಾಲ್ ಒಂದರಲ್ಲಿ ಶನಿವಾರ, ಭಾನುವಾರ ನಡೆದ "ಪ್ರಮಾಣಿತ ಕೌನ್ಸೆಲರ್" ಶಿಬಿರಕ್ಕೆ ಒಂದು ತಿಂಗಳ ಸಂಬಳ ಕೊಟ್ಟೆ. ಎರಡು ದಿನವೂ ಸ್ಲೈಡುಗಳು. ಭಾನುವಾರ ಸಂಜೆ ಚಿನ್ನದ ಅಂಚಿನ ಸರ್ಟಿಫಿಕೇಟ್. ಆ ಎರಡು ದಿನದಲ್ಲಿ ಒಬ್ಬರ ಎದುರು ಕೂತು ಹತ್ತು ನಿಮಿಷ ಕೇಳಿಸಿಕೊಳ್ಳುವ ಅವಕಾಶ ಸಹ ಸಿಗಲಿಲ್ಲ. ಅಲ್ಲಿಂದ ಹೊರಗೆ ಬಂದ ಮರುವಾರವೇ ಕೆಲವರು ಬೋರ್ಡು ಹಾಕಿದ್ದು ನೋಡಿ ನನಗೆ ನಿಜವಾಗಿ ಭಯವಾಯಿತು.

ಈಗ ಯಾರಾದರೂ ಕೋರ್ಸಿನ ಬಗ್ಗೆ ಕೇಳಿದರೆ ನಾನು ಇಷ್ಟು ವಿಚಾರಿಸಿ ಅನ್ನುತ್ತೇನೆ. ನಿಜವಾದ ಕ್ಲೈಂಟ್‌ಗಳ, ಅಂದರೆ ಸಹಾಯ ಕೇಳಿ ಬರುವವರ ಜೊತೆ ಎಷ್ಟು ಗಂಟೆ ಕೂರಿಸುತ್ತಾರೆ? ಯಾವ ಆಸ್ಪತ್ರೆ, ಶಾಲೆ, ಸಂಸ್ಥೆಗೆ ಕಳಿಸುತ್ತಾರೆ? ಜಾಗ ಅವರೇ ಹುಡುಕಿಕೊಡುತ್ತಾರಾ, ಇಲ್ಲ ನೀವೇ ಅಲೆಯಬೇಕಾ? ಪ್ರತಿ ವಾರ ನಿಮ್ಮ ಕೆಲಸ ನೋಡಿ ತಿದ್ದುವವರು ಯಾರು? ಪಾಠ ಮಾಡುವವರು ಈಗಲೂ ಕ್ಲೈಂಟ್‌ಗಳನ್ನು ನೋಡುತ್ತಾರಾ? ತರಗತಿಯಲ್ಲಿ ಎಷ್ಟು ಜನ? ಈ ಪ್ರಶ್ನೆಗಳಿಗೆ ಆಫೀಸಿನವರು ತಡವರಿಸಿದರೆ ಬೇರೆ ಕಡೆ ನೋಡಿ. ಸಾಧ್ಯವಾದರೆ ಎರಡನೇ ವರ್ಷದಲ್ಲಿ ಓದುತ್ತಿರುವ ಇಬ್ಬರನ್ನು ಕ್ಯಾಂಟೀನಿನಲ್ಲಿ ಹಿಡಿದು ಮಾತಾಡಿಸಿ. ಅಲ್ಲಿ ಸಿಗುವ ಉತ್ತರ ಹೆಚ್ಚು ನಿಜ.

ಕೇಳಿಸಿಕೊಳ್ಳುವುದನ್ನು ಕಲಿಯುವುದು

ಒಳ್ಳೆಯ ತರಬೇತಿಯಲ್ಲಿ ಮೂರು ಮೂರು ಜನರ ಗುಂಪು ಮಾಡುತ್ತಾರೆ. ಒಬ್ಬರು ಕ್ಲೈಂಟ್, ಒಬ್ಬರು ಕೌನ್ಸೆಲರ್, ಮೂರನೆಯವರು ಗಮನಿಸುವವರು. ಇಪ್ಪತ್ತು ನಿಮಿಷದ ನಂತರ ಜಾಗ ಬದಲು. ನನ್ನ ಮೊದಲ ಸರದಿಯಲ್ಲಿ ಸಹಪಾಠಿಯೊಬ್ಬರು ಅಭ್ಯಾಸಕ್ಕೆ ಅಂತ ಒಂದು ವಿಷಯ ತೆಗೆದರು. ಆಫೀಸಿನಲ್ಲಿ ತನಗಿಂತ ಕಿರಿಯರಿಗೆ ಬಡ್ತಿ ಸಿಕ್ಕಿದ್ದು. ಎರಡು ನಿಮಿಷ ಆಗಿರಲಿಲ್ಲ, ನಾನು "ಮ್ಯಾನೇಜರ್ ಹತ್ತಿರ ನೇರವಾಗಿ ಕೇಳಿಬಿಡಿ" ಅಂದೆ. ನಮ್ಮ ಗುರುಗಳು ನಿಲ್ಲಿಸಿದರು. "ಈಗ ಯಾರ ಸಂಕಟ ಕಡಿಮೆ ಆಯಿತು? ಅವರದ್ದಾ, ನಿಮ್ಮದಾ?" ಅಂತ ಕೇಳಿದರು. ಎದುರಿನವರ ಕಣ್ಣು ತುಂಬುವುದನ್ನು ನೋಡಲಾಗದೆ ನಾನು ಸಲಹೆಯನ್ನು ಅಡ್ಡ ಹಿಡಿದಿದ್ದೆ. ಆ ಪ್ರಶ್ನೆ ಇವತ್ತಿಗೂ ನನ್ನ ಜೊತೆ ಕೂತಿರುತ್ತದೆ.

ಪುಸ್ತಕದಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಕಾರ್ಲ್ ರೋಜರ್ಸ್ ಹೇಳಿದ್ದನ್ನು ಓದುತ್ತೀರಿ: ಎದುರಿನವರನ್ನು ಷರತ್ತಿಲ್ಲದೆ ಒಪ್ಪಿಕೊಳ್ಳುವುದು, ಅವರ ಜಾಗದಲ್ಲಿ ನಿಂತು ನೋಡುವುದು, ನೀವು ಒಳಗೊಂದು ಹೊರಗೊಂದು ಆಗದಿರುವುದು. ಮನೋವೈದ್ಯ ಆರನ್ ಬೆಕ್ ಅವರ ಸಿಬಿಟಿ (ಕಾಗ್ನಿಟಿವ್ ಬಿಹೇವಿಯರ್ ಥೆರಪಿ) ಓದುತ್ತೀರಿ. "ನನ್ನ ಕೈಲಿ ಏನೂ ಆಗಲ್ಲ" ಅನ್ನುವ ಯೋಚನೆಯನ್ನು ಹಿಡಿದು, ಅದಕ್ಕೆ ಪುರಾವೆ ಏನಿದೆ ಅಂತ ಇಬ್ಬರೂ ಸೇರಿ ನೋಡುವ ವಿಧಾನ ಅದು. ಓದಿದಾಗ ಸುಲಭ ಅನ್ನಿಸುತ್ತದೆ. ಹೆಂಡತಿಗೆ ಹೊಡೆದದ್ದನ್ನು ಒಪ್ಪಿಕೊಂಡ ಗಂಡಸು ಎದುರು ಕೂತಾಗ "ಷರತ್ತಿಲ್ಲದೆ" ಅನ್ನುವ ಪದದ ತೂಕ ಗೊತ್ತಾಗುತ್ತದೆ. ಅವನನ್ನು ಮನುಷ್ಯ ಅಂತ ಒಪ್ಪಿಕೊಳ್ಳಬೇಕು, ಹೊಡೆತವನ್ನು ಒಪ್ಪಿಕೊಳ್ಳಬಾರದು, ಹೆಂಡತಿಯ ಸುರಕ್ಷತೆಯನ್ನು ಮೊದಲು ನೋಡಬೇಕು. ಮೂರನ್ನೂ ಒಂದೇ ಗಂಟೆಯಲ್ಲಿ. ಇದು ಅಭ್ಯಾಸದಿಂದ ಮಾತ್ರ ಬರುತ್ತದೆ.

ಸುಮ್ಮನಿರುವುದನ್ನೂ ಅಭ್ಯಾಸ ಮಾಡಿ. ಮನೆಯಲ್ಲಿ ಗಡಿಯಾರ ಇಟ್ಟುಕೊಂಡು ಒಬ್ಬರ ಎದುರು ಒಂದು ನಿಮಿಷ ಮಾತಿಲ್ಲದೆ ಕೂತು ನೋಡಿ. ಮೊದಲ ದಿನ ಹತ್ತು ಸೆಕೆಂಡಿಗೇ ನಾಲಿಗೆ ತುರಿಸುತ್ತದೆ.

ಇಂಗ್ಲಿಷಿನಲ್ಲಿ ಓದಿ ಕನ್ನಡದಲ್ಲಿ ಕೇಳುವುದು

ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವ ಮಾತು ಇದು. ಬೆಂಗಳೂರಿನಲ್ಲಿ ಈ ಓದು ಹೆಚ್ಚುಕಡಿಮೆ ಪೂರ್ತಿ ಇಂಗ್ಲಿಷಿನಲ್ಲಿದೆ. ಪರೀಕ್ಷೆ, ವರದಿ, ಅಭ್ಯಾಸದ ಸೆಷನ್ ಎಲ್ಲವೂ. ಐದು ವರ್ಷ ಓದಿ ಹೊರಗೆ ಬಂದವರು ಕಾಮಾಕ್ಷಿಪಾಳ್ಯದಲ್ಲೋ ಯಲಹಂಕದಲ್ಲೋ ಒಬ್ಬ ತಾಯಿಯ ಎದುರು ಕೂರುತ್ತಾರೆ. ಆಕೆಗೆ "ಆಂಗ್ಸೈಟಿ" ಅನ್ನುವ ಪದವೇ ಗೊತ್ತಿರುವುದಿಲ್ಲ. "ಎದೆ ಧಸಕ್ ಅನ್ನುತ್ತೆ" ಅನ್ನುತ್ತಾರೆ. "ಹೊಟ್ಟೆಯಲ್ಲಿ ಸಂಕಟ", "ತಲೆ ಒಳಗೆ ಗುಂಯ್ ಅನ್ನುತ್ತೆ", "ಮೈಯಲ್ಲಿ ಶಕ್ತಿಯೇ ಇಲ್ಲ", "ಯಾವುದೂ ಬೇಡ ಅನ್ನಿಸಿಬಿಟ್ಟಿದೆ". ಮನಸ್ಸಿನ ನೋವು ನಮ್ಮಲ್ಲಿ ಮೊದಲು ಮೈಯ ಮಾತಾಗಿಯೇ ಹೊರಗೆ ಬರುತ್ತದೆ. ಕೆಲವರು "ಗಾಳಿ ಸೋಕಿದೆ", "ದೃಷ್ಟಿಯಾಗಿದೆ" ಅಂತಲೂ ಹೇಳುತ್ತಾರೆ. ಅದನ್ನು ಕೇಳಿ ಮುಖ ಗಂಟಿಕ್ಕಿದರೆ ಅವರು ಮತ್ತೆ ಬರುವುದಿಲ್ಲ. ಯಾವಾಗಿನಿಂದ ಹೀಗಾಯಿತು, ಆಗ ಮನೆಯಲ್ಲಿ ಏನು ನಡೆದಿತ್ತು ಅಂತ ಕೇಳಿ. ಕಥೆ ಅಲ್ಲಿಂದ ಬಿಚ್ಚಿಕೊಳ್ಳುತ್ತದೆ.

ಅದಕ್ಕೆ ಓದುವಾಗಲೇ ಒಂದು ನೋಟ್ ಪುಸ್ತಕ ಇಡಿ. ಜನ ನೋವನ್ನು ಹೇಳಲು ಬಳಸುವ ಮಾತುಗಳನ್ನು ಬರೆದುಕೊಳ್ಳಿ. ಬೇಜಾರು, ಬೇಸರ, ದುಗುಡ, ಕಳವಳ, ತಳಮಳ, ಹೊಟ್ಟೆಕಿಚ್ಚು, ಅವಮಾನ, ಸಾಕಾಗುವುದು: ಒಂದೊಂದಕ್ಕೂ ಬೇರೆ ರುಚಿ. ಉತ್ತರ ಕರ್ನಾಟಕದಿಂದ ಕಟ್ಟಡ ಕೆಲಸಕ್ಕೆ ಬಂದವರ "ತ್ರಾಸ" ಬೇರೆ, ಮಂಡ್ಯದವರ "ಸಂಕಟ" ಬೇರೆ. ಮೂವರ ಗುಂಪಿನ ಅಭ್ಯಾಸವನ್ನು ವಾರಕ್ಕೊಮ್ಮೆಯಾದರೂ ಕನ್ನಡದಲ್ಲೇ ಮಾಡಿ. "ಹೌ ಡಸ್ ದಟ್ ಮೇಕ್ ಯು ಫೀಲ್" ಅನ್ನುವುದನ್ನು ಹಾಗೇ ಕನ್ನಡಕ್ಕೆ ಇಳಿಸಿದರೆ ಯಾರಿಗೂ ಹತ್ತುವುದಿಲ್ಲ. "ಆಗ ಮನಸ್ಸಿಗೆ ಏನನ್ನಿಸಿತು?" ಅಂದರೆ ಸಾಕು.

ಕರೆಯುವ ರೀತಿಯೂ ಕಲಿಕೆಯ ಭಾಗವೇ. ಹದಿನಾರು ವರ್ಷದ ಹುಡುಗನಿಗೂ ನಾನು "ನೀವು" ಅಂತಲೇ ಶುರು ಮಾಡುತ್ತೇನೆ. ಅವನೇ "ನೀನು ಅನ್ನಿ ಮೇಡಂ" ಅಂದರೆ ಬದಲಿಸುತ್ತೇನೆ. ಮೂರನೇ ವಾರಕ್ಕೆ ಕೆಲವರು "ಅಕ್ಕ" ಅನ್ನಲು ಶುರು ಮಾಡುತ್ತಾರೆ. ತಡೆಯಬೇಕಾಗಿಲ್ಲ. ಆದರೆ ಅಕ್ಕ ಅಂದಮೇಲೆ ಗೃಹಪ್ರವೇಶಕ್ಕೆ ಕರೆಯುತ್ತಾರೆ, ಸಾಲ ಕೇಳುತ್ತಾರೆ, ರಾತ್ರಿ ಹನ್ನೊಂದಕ್ಕೆ ಫೋನ್ ಮಾಡುತ್ತಾರೆ. ಪ್ರೀತಿಯಿಂದ, ಆದರೆ ಸ್ಪಷ್ಟವಾಗಿ ಗೆರೆ ಹೇಳುವುದನ್ನು ನಿಮ್ಮ ಕೆಲಸ ನೋಡಿ ತಿದ್ದುವ ಸೂಪರ್‌ವೈಸರ್ ಹತ್ತಿರ ಅಭ್ಯಾಸ ಮಾಡಿಕೊಳ್ಳಿ.

ಸೂಪರ್‌ವಿಷನ್ ಮತ್ತು ನಿಮ್ಮದೇ ಥೆರಪಿ

ಸೂಪರ್‌ವಿಷನ್ ಅಂದರೆ ಅನುಭವಿಗಳ ಹತ್ತಿರ ಕೂತು ನಿಮ್ಮ ಸೆಷನ್‌ಗಳ ಬಗ್ಗೆ ಮಾತಾಡುವುದು. ಎಲ್ಲಿ ಎಡವಿದೆ, ಯಾವ ಮಾತಿಗೆ ನನಗೆ ಸಿಟ್ಟು ಬಂತು, ಏನನ್ನು ಕೇಳದೆ ಬಿಟ್ಟೆ ಅಂತ. ಪದವಿ ಮುಗಿದ ಮೇಲೂ ಇದನ್ನು ನಿಲ್ಲಿಸಬೇಡಿ. ಮೊದಲ ವರ್ಷಗಳಲ್ಲಿ ಇದಕ್ಕೆ ಕೈಯಿಂದ ದುಡ್ಡು ಕೊಡಬೇಕಾಗುತ್ತದೆ. ನಾಲ್ಕೈದು ಜನ ಸೇರಿ ಗುಂಪಿನಲ್ಲಿ ಹೋದರೆ ಖರ್ಚು ಹಂಚಿಹೋಗುತ್ತದೆ.

ನೀವೂ ಕೆಲವು ತಿಂಗಳು ಕ್ಲೈಂಟ್ ಆಗಿ ಇನ್ನೊಬ್ಬರ ಎದುರು ಕೂರಬೇಕು. ನನ್ನ ತಂದೆ ತೀರಿಕೊಂಡ ದುಃಖ ನನ್ನೊಳಗೆ ಹಾಗೇ ಕೂತಿತ್ತು. ಯಾರಾದರೂ ಅಪ್ಪನ ಸಾವಿನ ಬಗ್ಗೆ ಮಾತು ತೆಗೆದರೆ ನನಗೇ ಗೊತ್ತಿಲ್ಲದೆ ವಿಷಯ ಬದಲಿಸುತ್ತಿದ್ದೆ. ಗುರುಗಳು ಅದನ್ನು ಹಿಡಿದರು, ಥೆರಪಿಗೆ ಕಳಿಸಿದರು. ಅದಾಗದಿದ್ದರೆ ಎಷ್ಟೋ ಜನರ ದುಃಖಕ್ಕೆ ನಾನು ಬಾಗಿಲು ಮುಚ್ಚುತ್ತಿದ್ದೆ.

ಕೆಲಸ ಮತ್ತು ಸಂಬಳ

ಶಾಲೆಗಳು ದೊಡ್ಡ ಬಾಗಿಲು. ಸಿಬಿಎಸ್‌ಇ ತನ್ನ ಶಾಲೆಗಳಲ್ಲಿ ಕೌನ್ಸೆಲರ್ ಇರಬೇಕು ಅನ್ನುತ್ತದೆ. ಕಾಲೇಜು, ಆಸ್ಪತ್ರೆ, ವ್ಯಸನಮುಕ್ತಿ ಕೇಂದ್ರ, ಕೌಟುಂಬಿಕ ನ್ಯಾಯಾಲಯ, ಕಂಪನಿಗಳ ನೌಕರರಿಗೆ ಸಮಾಲೋಚನೆ ಕೊಡುವ ಸಂಸ್ಥೆಗಳು ಇವೆ. ಸರ್ಕಾರದ ಕಡೆ ಕಷ್ಟದಲ್ಲಿರುವ ಹೆಣ್ಣುಮಕ್ಕಳ ಸಾಂತ್ವನ ಕೇಂದ್ರಗಳು, ಎಚ್‌ಐವಿ ಪರೀಕ್ಷೆಯ ಐಸಿಟಿಸಿ ಕೇಂದ್ರಗಳು, ಹದಿಹರೆಯದವರ ಸ್ನೇಹ ಕ್ಲಿನಿಕ್‌ಗಳಲ್ಲಿ ಆಪ್ತ ಸಮಾಲೋಚಕರ ಹುದ್ದೆಗಳಿರುತ್ತವೆ. ಇವುಗಳಲ್ಲಿ ಹೆಚ್ಚಿನವು ಗುತ್ತಿಗೆಯವು, ಸಂಬಳ ಕಡಿಮೆ. ಆದರೆ ಅಲ್ಲಿ ಒಂದು ವರ್ಷದಲ್ಲಿ ಕಲಿಯುವಷ್ಟನ್ನು ಎಸಿ ರೂಮಿನಲ್ಲಿ ಐದು ವರ್ಷ ಕೂತರೂ ಕಲಿಯಲಾಗದು ಅನ್ನುವುದು ನನ್ನ ಅನುಭವ.

ಮೊದಲ ಎರಡು ಮೂರು ವರ್ಷ ದುಡಿಮೆ ಸಣ್ಣದೇ. ಸ್ವಂತ ಕ್ಲಿನಿಕ್‌ಗೆ ಅವಸರ ಬೇಡ. ವಾರದಲ್ಲಿ ಮೂರು ದಿನ ಶಾಲೆ ಅಥವಾ ಸಂಸ್ಥೆ, ಉಳಿದ ದಿನ ಗಂಟೆ ಲೆಕ್ಕದಲ್ಲಿ ಬಾಡಿಗೆಗೆ ಸಿಗುವ ರೂಮಿನಲ್ಲಿ ನಿಮ್ಮ ಕ್ಲೈಂಟ್‌ಗಳು, ಹೀಗೆ ಶುರು ಮಾಡಿದವರು ನೆಲೆ ನಿಂತಿದ್ದಾರೆ. ಬೇರೆ ಕೆಲಸದಿಂದ ಬರುವವರು ಎರಡು ವರ್ಷದ ಮನೆ ಖರ್ಚು ಕೂಡಿಟ್ಟುಕೊಂಡು ಬನ್ನಿ.

ಮೊದಲ ಕ್ಲೈಂಟ್ ಬರುವ ಮೊದಲು

ಎರಡು ಕಾನೂನು ಗೊತ್ತಿರಲೇಬೇಕು. 2012ರ ಪೋಕ್ಸೊ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ, ಹದಿನೆಂಟು ತುಂಬದವರ ಮೇಲೆ ಲೈಂಗಿಕ ಅಪರಾಧ ನಡೆದದ್ದು ತಿಳಿದವರು ಪೊಲೀಸರಿಗೆ ತಿಳಿಸಲೇಬೇಕು. ಕೌನ್ಸೆಲರ್‌ಗೆ ರಿಯಾಯಿತಿ ಇಲ್ಲ. ಪಿಯು ಕಾಲೇಜಿನಲ್ಲಿ ಕೆಲಸ ಮಾಡುವವರಿಗೆ ಇದು ತುಂಬಾ ಕಷ್ಟದ ಜಾಗ, ಯಾಕೆಂದರೆ ಹದಿನೇಳರ ಹುಡುಗಿಯ ಒಪ್ಪಿಗೆಯನ್ನು ಕಾನೂನು ಒಪ್ಪಿಗೆ ಅಂತ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. 2017ರ ಮಾನಸಿಕ ಆರೋಗ್ಯ ಕಾಯ್ದೆ ಗೋಪ್ಯತೆಯ ಹಕ್ಕು ಕೊಟ್ಟಿದೆ. ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರು ಅಂತಲೇ ಭಾವಿಸಬೇಕು, ಶಿಕ್ಷಿಸಬಾರದು ಅಂತಲೂ ಅದರ 115ನೇ ಸೆಕ್ಷನ್ ಹೇಳುತ್ತದೆ.

ಸಾವಿನ ಯೋಚನೆಯ ಬಗ್ಗೆ ನೇರವಾಗಿ ಕೇಳಲು ಕಲಿಯಿರಿ. "ಕಣ್ಣು ಮುಚ್ಚಿದರೆ ಸಾಕು ಅನ್ನಿಸುತ್ತೆ" ಅಂತ ಯಾರಾದರೂ ಅಂದರೆ, "ಸಾಯಬೇಕು ಅಂತ ಯೋಚನೆ ಬರುತ್ತಿದೆಯಾ?" ಅಂತಲೇ ಕೇಳಿ. ಕೇಳಿದರೆ ಇಲ್ಲದ ಯೋಚನೆ ಹುಟ್ಟುತ್ತದೆ ಅನ್ನುವುದು ತಪ್ಪು ತಿಳಿವಳಿಕೆ. ಯಾರೂ ಇಲ್ಲದ ಕಡೆ ದನಿ ಕೇಳಿಸುವವರು, ವಾರಗಟ್ಟಲೆ ನಿದ್ದೆ ಊಟ ಬಿಟ್ಟವರು, ಸಾಯುವ ದಾರಿ ಯೋಚಿಸಿಟ್ಟವರು ನಿಮ್ಮೊಬ್ಬರಿಂದ ಆಗುವ ಕೇಸಲ್ಲ. ಮನೋವೈದ್ಯರ ಹತ್ತಿರ ಕಳಿಸಿ. ಇಬ್ಬರು ಮನೋವೈದ್ಯರ ನಂಬರು, ಹತ್ತಿರದ ಆಸ್ಪತ್ರೆಯ ನಂಬರು ಮೊದಲೇ ಬರೆದಿಟ್ಟುಕೊಳ್ಳಿ. 2022ರ ಅಕ್ಟೋಬರ್‌ನಲ್ಲಿ ಶುರುವಾದ ಟೆಲಿ ಮಾನಸ್ ಸಹಾಯವಾಣಿಯ ನಂಬರು 14416. ಉಚಿತ, ದಿನದ 24 ಗಂಟೆಯೂ ಇರುತ್ತದೆ, ಕನ್ನಡದಲ್ಲೂ ಮಾತಾಡಬಹುದು. ಇದನ್ನು ಪ್ರತಿ ಕ್ಲೈಂಟ್ ಕೈಯಲ್ಲೂ ಬರೆದುಕೊಡಿ, ಯಾಕೆಂದರೆ ರಾತ್ರಿ ಎರಡು ಗಂಟೆಗೆ ನೀವು ಸಿಗುವುದಿಲ್ಲ.

ರೂಮಿನಲ್ಲಿ ನೀರು, ಟಿಶ್ಯೂ, ನಿಮಗೆ ಮಾತ್ರ ಕಾಣುವ ಹಾಗೆ ಒಂದು ಗಡಿಯಾರ ಇಡಿ. ಕುರ್ಚಿಗಳು ಒಂದೇ ಎತ್ತರದವು ಇರಲಿ. ಒಳಗೆ ಆಡಿದ ಮಾತು ಹೊರಗೆ ಕಾಯುವವರಿಗೆ ಕೇಳಿಸುತ್ತದಾ ಅಂತ ಮೊದಲೇ ಒಬ್ಬರನ್ನು ಕೂರಿಸಿ ಪರೀಕ್ಷಿಸಿ. ಆಮೇಲೆ ಮೊದಲ ಸೆಷನ್‌ನಲ್ಲಿ ನಾನು ಹೇಳುವ ಮಾತು ಇದು, ನಿಮ್ಮ ಮಾತಿಗೆ ಹೊಂದಿಸಿಕೊಳ್ಳಿ:

"ನೀವು ಇಲ್ಲಿ ಹೇಳಿದ್ದನ್ನು ನಾನು ಹೊರಗೆ ಹೇಳಲ್ಲ. ನಿಮ್ಮ ಮನೆಯವರು ಕೇಳಿದರೂ ಹೇಳಲ್ಲ. ಆದರೆ ನಿಮ್ಮ ಜೀವಕ್ಕೋ ಇನ್ನೊಬ್ಬರ ಜೀವಕ್ಕೋ ಅಪಾಯ ಇದೆ ಅನ್ನಿಸಿದರೆ, ಇಲ್ಲ ಒಂದು ಮಗುವಿನ ಮೇಲೆ ದೌರ್ಜನ್ಯ ಆಗಿದೆ ಅಂತ ಗೊತ್ತಾದರೆ, ನಾನು ಸುಮ್ಮನಿರೋಕೆ ಆಗಲ್ಲ. ಆದಷ್ಟೂ ಮೊದಲು ನಿಮಗೆ ತಿಳಿಸಿಯೇ ಮುಂದಿನ ಹೆಜ್ಜೆ ಇಡ್ತೀನಿ. ನನಗೆ ಕಲಿಸುವ ಒಬ್ಬರ ಹತ್ತಿರ, ನಿಮ್ಮ ಹೆಸರು ಹೇಳದೆ, ನನ್ನ ಕೆಲಸದ ಬಗ್ಗೆ ಮಾತಾಡ್ತೀನಿ. ನಮಗೆ ಇವತ್ತು ಐವತ್ತು ನಿಮಿಷ ಇದೆ. ಎಲ್ಲಿಂದ ಬೇಕಾದರೂ ಶುರು ಮಾಡಿ."

ಇಷ್ಟು ಹೇಳಿ ನಿಲ್ಲಿಸಿ. ಅವರು ಸೆರಗು ಸರಿಮಾಡಿಕೊಳ್ಳಬಹುದು, ಕಿಟಕಿ ಕಡೆ ನೋಡಬಹುದು, ನೀರು ಕುಡಿಯಬಹುದು. ಕಾಯಿರಿ.